ಸಂಘದ ಸಾಲದಲ್ಲಿ ಕೊಂಡ ತೊಗರಿಗೆ ತಿಂಗಳಲ್ಲೇ ನುಸಿ: ಪ್ರತಿಕ್ರಿಯೆ

ಸಂಘದ ಸಾಲದಲ್ಲಿ ಕೊಂಡು ದರ ಏರಲೆಂದು ಚೀಲದಲ್ಲಿಟ್ಟ ತೊಗರಿಗೆ ತಿಂಗಳಲ್ಲೇ ನುಸಿ ಬಿದ್ದಿದೆ, ಏನು ಮಾಡುವುದು ಎಂದು ಕೇಳಿದ್ದೀರಿ. ನುಸಿ ಹೊಲದಿಂದಲೇ ಬಂದಿರಬೇಕು. ಕಾಯಿ ಬಲಿತಾಗಲೇ ದುಂಬಿ ಮೊಟ್ಟೆ ಇಡುತ್ತದೆ, ರಾಶಿ ಆದಮೇಲೆ ಕಾಳಿನೊಳಗೆ ಬೆಳೆದ ಹುಳು ದುಂಬಿಯಾಗಿ ಚೀಲದೊಳಗೆ ಕಾಳು ತೂತು ಮಾಡಿ ಹೊರಬರುತ್ತದೆ. ಹಳೆ ಗೋಣಿಚೀಲವೂ ಕಾರಣವಿರಬಹುದು, ನೋಡದೆ ಹೇಳಲಾಗದು.

ಮೊದಲು ಎಲ್ಲ ಚೀಲ ಬಿಚ್ಚಿ. ಕಾಳಿಗೆ ಅಂಟಿದ ಬಿಳಿ ಚುಕ್ಕೆಗಳೇ ಮೊಟ್ಟೆ. ತೂತಿನ ಕಾಳು ಹೆಚ್ಚಿರುವ ಚೀಲಗಳನ್ನು ಜರಡಿ ಹಿಡಿದು ಕೂಡಲೇ ಬೇಳೆ ಮಾಡಿಸಿ, ಇಲ್ಲವೇ ಮಾರಿಬಿಡಿ. ಉಳಿದದ್ದನ್ನು ತಾಡಪಾಲಿನ ಮೇಲೆ ತೆಳುವಾಗಿ ಹರಡಿ ಎರಡು-ಮೂರು ದಿನ ಬಿಸಿಲಿಗೆ ಒಣಗಿಸಿ. ತೇವ ಶೇ. 10ಕ್ಕಿಂತ ಕಡಿಮೆ ಇರಬೇಕು. ಹಲ್ಲಿಗಿಟ್ಟು ಕಚ್ಚಿದರೆ ಕಟ್ ಎಂದು ಒಡೆಯಬೇಕು. ಪೂರ್ತಿ ಆರಿದ ಮೇಲೆಯೇ ತುಂಬಿ, ಬಿಸಿ ಇರುವಾಗ ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಮೂರು ಪದರದ ಚೀಲ ಸಿಕ್ಕರೆ ಒಂದೊಂದು ಪದರವನ್ನೂ ಬೇರೆಯಾಗಿ ತಿರುವಿ ಕಟ್ಟಿ. ಸಂಘದ ಸದಸ್ಯರು ಆಗಾಗ ಬಿಚ್ಚಿ ನೋಡುತ್ತಿದ್ದರೆ ಗಾಳಿ ಒಳಹೋಗಿ, ಚೀಲ ತಂದದ್ದೇ ದಂಡ. ಸ್ವಲ್ಪವೇ ಇದ್ದರೆ ಕಿಲೋಗೆ 5 ಮಿ.ಲೀ. ಅಡುಗೆ ಎಣ್ಣೆ ಸವರಿದರೂ ನಡೆಯುತ್ತದೆ.

ಸಂಘದ ಸಾಲದ ಬಡ್ಡಿಯನ್ನೂ ಲೆಕ್ಕ ಹಾಕಿ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಆದರೆ, 7,000 ರೂಪಾಯಿಯ ಕ್ವಿಂಟಲ್‌ಗೆ ಮೂರು ತಿಂಗಳಿಗೆ 420 ರೂಪಾಯಿ. ದರ ಅಷ್ಟು ಏರುವ ನಂಬಿಕೆ ಇಲ್ಲದಿದ್ದರೆ ಒಣಗಿಸಿ ನೇರ ಕಲಬುರಗಿ ಎಪಿಎಂಸಿಗೆ (ಕೃಷಿ ಮಾರುಕಟ್ಟೆಗೆ) ಒಯ್ಯಿರಿ.