ನೀವು ಕೇಳಿದ್ದು, ನಾನು ಹೇಳಿದ್ದು: ಕಿರಿತೊ ಏದುಸಿರು ಬಿಟ್ಟಾಗ

ಕಳೆದ ಸಲ ಸುಮ್ನೆ ನಾಲ್ಕು ಸಾಲು ಬರೆದಿದ್ದೆ, 'ಸ್ವೋರ್ಡ್ ಆರ್ಟ್ ಆನ್‌ಲೈನ್: ಆರ್ಡಿನಲ್ ಸ್ಕೇಲ್' ಅನ್ನೋ ಜಪಾನಿ ಅನಿಮೇಷನ್ ಚಿತ್ರದ ಬಗ್ಗೆ. ಅಕ್ಕನ ಮಗ ಬಲವಂತ ಮಾಡಿ ತೋರಿಸಿದ್ದು. ಮಾಮೂಲಿ ಬರುವ ಅತ್ತೆ-ಸೊಸೆ, ಆಸ್ತಿ-ಪಾಸ್ತಿ ಪ್ರಶ್ನೆಗಳನ್ನೆಲ್ಲ ಹಿಂದೆ ಹಾಕಿ ಈ ಸಲ ಅದರದ್ದೇ ಪತ್ರಗಳು. ಇರಲಿ, ಈ ಸಂಚಿಕೆ ಪೂರ್ತಿ ಅದಕ್ಕೇ.

ನಾನು ಟಿವಿ ಸರಣಿ ನೋಡಿಲ್ಲ, ನೇರ ಈ ಚಿತ್ರ ನೋಡಿದೆ. ಅರ್ಧ ತಲೆಗೆ ಹತ್ತಲಿಲ್ಲ. ಇದು ಯಾವ ಪುಸ್ತಕದ ಕತೆ? ಅದನ್ನು ಓದಿದರೆ ಅರ್ಥವಾಗುತ್ತಾ?
*ಪಿಯುಸಿ ವಿದ್ಯಾರ್ಥಿ, ದಾವಣಗೆರೆ*

ಯಾವ ಪುಸ್ತಕದ್ದೂ ಅಲ್ಲ! ಪಾತ್ರಗಳು, ಆ ಲೋಕ ಎಲ್ಲ ರೆಕಿ ಕವಾಹರಾ ಬರೆದ, ಅಲ್ಲಲ್ಲಿ ಚಿತ್ರಗಳಿರುವ ಪುಟ್ಟ ಕಾದಂಬರಿಗಳದ್ದು, ಅಂದರೆ ಲೈಟ್ ನಾವೆಲ್‌ಗಳದ್ದು. ಈ ಕತೆ ಮಾತ್ರ ಅವರು ಚಿತ್ರಕ್ಕೆಂದೇ ಹೊಸದಾಗಿ ಕೊಟ್ಟದ್ದು. ಏಳನೇ ಸಂಪುಟ ಮುಗಿದ ಮೇಲೆ, ಒಂಬತ್ತನೆಯದು ಶುರುವಾಗುವ ಮುಂಚೆ ನಡೆಯುತ್ತದೆ. ನಡುವಿನ ಎಂಟನೆಯದು ಬಿಡಿ ಕತೆಗಳ ಸಂಪುಟ.

ನಿಮಗೆ ತಪ್ಪಿಹೋದದ್ದು ಇಷ್ಟು. 2022ರ ನವೆಂಬರ್‌ನಲ್ಲಿ ಹತ್ತು ಸಾವಿರ ಜನ ನರ್ವ್‌ಗೇರ್ ಅನ್ನೋ ಹೆಲ್ಮೆಟ್ ಹಾಕಿಕೊಂಡು ಒಂದು ಆಟದೊಳಗೆ ಹೋಗುತ್ತಾರೆ. ಹೊರಗೆ ಬರುವ ಬಟನ್ನೇ ಇಲ್ಲ. ಐನ್‌ಕ್ರಾಡ್ ಅನ್ನೋ ತೇಲುವ ಕೋಟೆಯ ನೂರು ಮಹಡಿ ಗೆಲ್ಲಬೇಕು. ಆಟದಲ್ಲಿ ಸತ್ತರೆ ನಿಜವಾಗಿಯೂ ಸಾವು. ಎರಡು ವರ್ಷ ಆದಮೇಲೆ ಕಥಾನಾಯಕ ಕಿರಿತೊ 75ನೇ ಮಹಡಿಯಲ್ಲೇ ಆಟ ಮುಗಿಸುತ್ತಾನೆ. ಅಷ್ಟರಲ್ಲಿ ಸುಮಾರು ನಾಲ್ಕು ಸಾವಿರ ಜನ ಹೋಗಿರುತ್ತಾರೆ. ಉಳಿದ 25 ಮಹಡಿ ಯಾರೂ ಏರಲೇ ಇಲ್ಲ ಅನ್ನೋದನ್ನು ನೆನಪಿಟ್ಟುಕೊಂಡು ಚಿತ್ರದ ಕೊನೆಗೆ ಬರುವ ನೂರನೇ ಮಹಡಿಯ ಯುದ್ಧ ಮತ್ತೆ ನೋಡಿ. ಅಭಿಮಾನಿಗಳು ಸೀಟಿನ ತುದಿಗೆ ಯಾಕೆ ಬಂದರು ಅಂತ ಗೊತ್ತಾಗುತ್ತೆ.

ಅದೇ ಯುದ್ಧದಲ್ಲಿ ಕಿರಿತೊನ ಪ್ರೇಯಸಿ ಅಸುನಾ ಹನ್ನೊಂದು ಏಟಿನ ಒಂದು ಪಟ್ಟು ಹಾಕುತ್ತಾಳಲ್ಲ, ಅದು ಯೂಕಿ ಅನ್ನೋ ಗೆಳತಿ ಸಾಯುವ ಮುಂಚೆ ಕೊಟ್ಟುಹೋದದ್ದು. ಏಳನೇ ಸಂಪುಟದ ಕತೆ ಅದೇ. ಓದೋದಾದರೆ ಅದನ್ನು ಓದಿ. ಇಡೀ ಸರಣಿಯಲ್ಲಿ ನನಗೆ ಕಣ್ಣು ಒದ್ದೆಯಾದದ್ದು ಅದೊಂದಕ್ಕೇ.

ಚಿತ್ರದಲ್ಲಿ ಬೀದಿಯಲ್ಲಿ ಓಡಾಡಿಕೊಂಡು ರಾಕ್ಷಸರನ್ನು ಹಿಡಿಯೋದು ಪೋಕೆಮಾನ್ ಗೋ ಕಾಪಿ ಅಲ್ವಾ ಮೇಡಂ?
*ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ*

ಲೆಕ್ಕದವರು ನೀವು, ಲೆಕ್ಕ ಹಾಕಿ. ಪೋಕೆಮಾನ್ ಗೋ ಅನ್ನೋ ಆ ಫೋನ್ ಆಟ ಬಂದದ್ದು 2016ರ ಜುಲೈನಲ್ಲಿ. ಈ ಚಿತ್ರ ಜಪಾನಿನಲ್ಲಿ ತೆರೆ ಕಂಡದ್ದು 2017ರ ಫೆಬ್ರವರಿ 18ಕ್ಕೆ. ಏಳು ತಿಂಗಳಲ್ಲಿ ಎರಡು ಗಂಟೆಯ ಇಂಥ ಅನಿಮೇಷನ್ ಚಿತ್ರ ಬರೆದು, ಬಿಡಿಸಿ, ದನಿ ಕೊಟ್ಟು ಮುಗಿಸೋಕೆ ಆಗುತ್ತಾ?

ನನ್ನ ಮಗ ಒಂಬತ್ತನೇ ಕ್ಲಾಸು. ಈ ಚಿತ್ರ ಮತ್ತೆ ಮತ್ತೆ ನೋಡ್ತಾನೆ. ಬರೀ ಕತ್ತಿ ಬೀಸೋದು, ಕಿರುಚೋದು. ಅದರಲ್ಲಿ ಏನಿದೆ ಅಂತ ದಯವಿಟ್ಟು ಹೇಳಿ. ಬೈಯಬೇಕೋ ಬೇಡವೋ ಗೊತ್ತಾಗ್ತಿಲ್ಲ.
*ಗೃಹಿಣಿ, ಹಾಸನ*

ಬೈಯಬೇಡಿ ತಾಯಿ, ಒಂದು ಸಲ ಪಕ್ಕದಲ್ಲಿ ಕೂತು ನೋಡಿ. ನಾನೂ ಬೈಯೋಕೆ ಅಂತಲೇ ಕೂತವಳು.

ಮೊದಲು ಕಿರಿತೊ ಅನ್ನೋ ಆ ಕಪ್ಪು ಕೋಟಿನ ಹುಡುಗನನ್ನು ನೋಡಿ. ಹಳೇ ಆಟ ಆಡುವಾಗ ಮೈ ಹಾಸಿಗೆಯಲ್ಲಿ ಬಿದ್ದಿರುತ್ತಿತ್ತು, ಮನಸ್ಸು ಮಾತ್ರ ಕಾದಾಡುತ್ತಿತ್ತು. ಅಲ್ಲಿ ಅವನನ್ನು ಮೀರಿಸುವವರಿಲ್ಲ. ಈ ಚಿತ್ರದಲ್ಲಿ, ಅಂದರೆ ಕತೆಯ 2026ರಲ್ಲಿ, ಆಗ್ಮಾ ಅಂತ ಕಿವಿಗೆ ಹಾಕುವ ಹೊಸ ಸಾಧನ ಬಂದಿದೆ. ಇದರಲ್ಲಿ ಎಚ್ಚರವಾಗಿದ್ದುಕೊಂಡೇ, ಟೋಕಿಯೊದ ಬೀದಿಯಲ್ಲಿ, ನಿಮ್ಮ ಕಾಲಲ್ಲಿ ನೀವೇ ಓಡಿ ಆಡಬೇಕು. ಅಕಿಹಾಬರಾದ ದೊಡ್ಡ ಕಟ್ಟಡಗಳ ನಡುವೆ ರಾತ್ರಿ ಒಂಬತ್ತಕ್ಕೆ ಸಮುರಾಯ್ ವೇಷದ ರಾಕ್ಷಸ ಇಳಿಯುತ್ತಾನೆ. ನಮ್ಮ ವೀರ ಓಡುತ್ತಾನೆ, ಮುಗ್ಗರಿಸುತ್ತಾನೆ, ಏದುಸಿರು ಬಿಡುತ್ತಾನೆ! ದಿನವಿಡೀ ಮಲಗಿ ಆಡಿದ ಹುಡುಗನಿಗೆ ದಮ್ಮು ಎಲ್ಲಿಂದ ಬರಬೇಕು? ಪಕ್ಕದಲ್ಲಿದ್ದ ಅಕ್ಕನ ಮಗ ಇಲ್ಲಿ ಸ್ವಲ್ಪ ಮುದುಡಿಕೊಂಡ. ನಾನೇನೂ ಹೇಳಲಿಲ್ಲ. ಹೇಳಬೇಕಾದ್ದನ್ನು ಚಿತ್ರವೇ ಹೇಳಿತ್ತು.

ಇನ್ನೊಂದು ವಿಷಯ. ಆಟ ಗೆದ್ದರೆ ಕೇಕಿಗೆ ಕೂಪನ್ನು ಸಿಗುತ್ತೆ. ಹಳೇ ಆಟದಿಂದ ಬದುಕಿ ಬಂದ ಮಕ್ಕಳಿಗೆಂದೇ ಇರುವ ಶಾಲೆಯಲ್ಲಿ ಆಗ್ಮಾವನ್ನು ಎಲ್ಲರಿಗೂ ಫ್ರೀ ಹಂಚಿರುತ್ತಾರೆ. ಫ್ರೀ ಅಂದ ಕೂಡಲೇ ನನಗೆ ಅನುಮಾನ ಬಂತು. ಆ ಮಕ್ಕಳಿಗೆ ಬರಲಿಲ್ಲ.

ಯಾಕೆ ಹಂಚಿದರು ಅನ್ನೋದೇ ಕತೆ. ಕತೆ ಬಿಚ್ಚುತ್ತಿದ್ದೇನೆ, ಬೇಡದವರು ಮುಂದಿನ ಪ್ರಶ್ನೆಗೆ ಹೋಗಿ. ಹಳೇ ಕೋಟೆಯ ರಾಕ್ಷಸರು ಈ ಹೊಸ ಆಟದಲ್ಲಿ ಒಬ್ಬೊಬ್ಬರಾಗಿ ಬರುತ್ತಾರೆ. ಅವರ ಕೈಲಿ ಸೋತ 'ಬದುಕಿ ಬಂದವರ' ತಲೆಯಿಂದ ಆ ಎರಡು ವರ್ಷದ ನೆನಪು ಅಳಿಸಿಹೋಗುತ್ತೆ. ಅಸುನಾಗೆ ಹಾಗೇ ಆಗುತ್ತೆ. ಅದೂ ಚಿಕ್ಕ ಹುಡುಗಿ ಸಿಲಿಕಾಳನ್ನು ಕಾಪಾಡಲು ಹೋಗಿ. ಕಿರಿತೊ ಜೊತೆ 22ನೇ ಮಹಡಿಯ ಮರದ ಮನೆಯಲ್ಲಿ ಕಳೆದ ದಿನಗಳು ಹೋದವು. ಹೊರಗಿನ ಜಗತ್ತಿನಲ್ಲಿ ಒಟ್ಟಿಗೆ ನಕ್ಷತ್ರ ನೋಡೋಣ ಅಂತ ಕೊಟ್ಟ ಮಾತೂ ಹೋಯಿತು. ಹುಡುಗ ಎದುರಿಗೇ ಇದ್ದಾನೆ, ಗುರುತೂ ಇದೆ, ಪ್ರೀತಿ ಹುಟ್ಟಿದ ದಿನಗಳು ಮಾತ್ರ ಇಲ್ಲ. ಕತ್ತಿ ಹಿಡಿದವಳ ಕೈ ನಡುಗುತ್ತೆ.

ನೆನಪು ಕದಿಯುವವನು ರಾಕ್ಷಸನಲ್ಲ, ಒಬ್ಬ ಪ್ರೊಫೆಸರ್. ಅವನ ಮಗಳು ಆ ಆಟದೊಳಗೆ ಸತ್ತವಳು. ಅವಳನ್ನು ನೋಡಿದವರ ನೆನಪುಗಳನ್ನೆಲ್ಲ ಒಟ್ಟು ಮಾಡಿ ಮಗಳನ್ನು ಮತ್ತೆ ಕಟ್ಟಬೇಕು ಅನ್ನೋ ಹುಚ್ಚು. ಅದಕ್ಕೆ ಬೇರೆ ಮಕ್ಕಳ ಜೀವ ಹೋದರೂ ಪರವಾಗಿಲ್ಲ. ಹೆತ್ತವರಿಗೆ ಇದು ಸುಲಭದಲ್ಲಿ ಜೀರ್ಣವಾಗೊಲ್ಲ. ನನಗೆ ಅವನ ಮೇಲೆ ಪೂರ್ತಿ ಕೋಪವೂ ಬರಲಿಲ್ಲ.

ಕೊರತೆ ಇಲ್ಲವೇ? ಇದೆ. ನಡುವೆ ಕತೆ ಎಳೆಯುತ್ತೆ. ಹಳೇ ಪಾತ್ರಗಳೆಲ್ಲ ಹಾಜರಿ ಹಾಕಲೇಬೇಕು ಅನ್ನೋ ಹಟದಲ್ಲಿ ಕೆಲವರು ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ ಮುಖ ತೋರಿಸಿ ಹೋಗುತ್ತಾರೆ. ಹುಡುಗಿಯರನ್ನು ತೋರಿಸುವ ರೀತಿ ಒಂದೆರಡು ಕಡೆ ಬೇಕಿರಲಿಲ್ಲ. ಅಲ್ಲಿ ಮಗನ ಮುಖ ನೋಡಬೇಡಿ, ಪಾಪ, ಮುಜುಗರ ಪಡುತ್ತಾನೆ.

ಚಿತ್ರದಲ್ಲಿ ಹಾಡುವ ಬಿಳಿ ಕೂದಲಿನ ಹುಡುಗಿ ಯಾರ ದನಿ? ನಿಜವಾದ ಗಾಯಕಿಯೇ?
*ಸಂಗೀತ ಶಿಕ್ಷಕಿ, ಮೈಸೂರು*

ಪಾತ್ರದ ಹೆಸರು ಯೂನಾ. ಕತೆಯಲ್ಲಿ ಅವಳು ಕಂಪ್ಯೂಟರ್ ಹುಟ್ಟಿಸಿದ ಗಾಯಕಿ. ಮಾತು, ಹಾಡು ಎರಡೂ ಸಯಾಕಾ ಕಂದಾ ಅವರದ್ದು. 'ಫ್ರೋಜನ್' ಚಿತ್ರದ ಜಪಾನಿ ಅವತರಣಿಕೆಯಲ್ಲಿ ಆನಾಗೆ ದನಿ ಕೊಟ್ಟವರೂ ಅವರೇ. 2021ರ ಡಿಸೆಂಬರ್‌ನಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಹಿನ್ನೆಲೆ ಸಂಗೀತ ಯುಕಿ ಕಜಿಯುರಾ. ಕೊನೆಯ ಯುದ್ಧದಲ್ಲಿ ಕೋರಸ್ ಹೇಗೆ ಏರುತ್ತೆ ಅಂತ ಹೆಡ್‌ಫೋನ್ ಹಾಕಿ ಕೇಳಿ. ನಿಮ್ಮ ಮಕ್ಕಳಿಗೂ ಕೇಳಿಸಿ.

ನನ್ನ ಕತೆ ಯಾವಾಗಲೂ ಸ್ಪರ್ಧೆಯ ಪುಟಮಿತಿ ದಾಟುತ್ತೆ. ಏನು ಮಾಡಲಿ? (ಕ್ಷಮಿಸಿ, ಇದು ಸಿನಿಮಾ ಪ್ರಶ್ನೆ ಅಲ್ಲ.)
*ಹವ್ಯಾಸಿ ಬರಹಗಾರ, ಶಿರಸಿ*

ಅಲ್ಲ ಅಂತ ಯಾರು ಹೇಳಿದರು? ಈ ಸರಣಿಯ ಮೊದಲ ಕತೆಯೂ ಹಾಗೇ ಹುಟ್ಟಿದ್ದು. ಕವಾಹರಾ ಇದನ್ನು ಡೆಂಗೆಕಿ ಕಾದಂಬರಿ ಸ್ಪರ್ಧೆಗೆ ಅಂತ ಬರೆದರು. ಪುಟ ಜಾಸ್ತಿಯಾಯಿತು. ಕಳಿಸಲೇ ಇಲ್ಲ. 2002ರಿಂದ ಬೇರೆ ಕಾವ್ಯನಾಮದಲ್ಲಿ ತಮ್ಮದೇ ವೆಬ್‌ಸೈಟಿಗೆ ಹಾಕುತ್ತಾ ಹೋದರು. ಆಮೇಲೆ 'ಆಕ್ಸೆಲ್ ವರ್ಲ್ಡ್' ಅನ್ನೋ ಬೇರೊಂದು ಕತೆಗೆ 2008ರಲ್ಲಿ ಅದೇ ಸ್ಪರ್ಧೆಯ ದೊಡ್ಡ ಬಹುಮಾನ ಬಂತು. ಆಗ ಸಂಪಾದಕರು ಈ ಹಳೇ ಕತೆಯನ್ನೂ ಓದಿ, 2009ರ ಏಪ್ರಿಲ್‌ನಲ್ಲಿ ಮೊದಲ ಸಂಪುಟ ತಂದರು. ಅಂಗೈಗಿಂತ ಸ್ವಲ್ಪ ದೊಡ್ಡ ಪುಸ್ತಕ. ಮುಂದೆ ಬಣ್ಣದ ಚಿತ್ರಗಳ ಪುಟ, ಒಳಗೆ ಅಲ್ಲಲ್ಲಿ ಕಪ್ಪು-ಬಿಳುಪು ಚಿತ್ರ.

ಹಾಗಂತ ನಮ್ಮ ಕಥಾಸ್ಪರ್ಧೆಗೆ ಮಿತಿ ದಾಟಿಸಿ ಕಳಿಸಬೇಡಿ. ನಮ್ಮ ಸಂಪಾದಕರು ಮೊದಲು ಪುಟ ಎಣಿಸುತ್ತಾರೆ, ಆಮೇಲೆ ಕತೆ ಓದುತ್ತಾರೆ.

ಕನ್ನಡದಲ್ಲಿ ಇಂಥ ಚಿತ್ರ ಯಾವಾಗ ಬರುತ್ತೆ?
*ಆಟೋ ಚಾಲಕ, ಬೆಂಗಳೂರು*

ಹೊಟ್ಟೆ ಉರಿಯುವ ಪ್ರಶ್ನೆ ಕೇಳಿದಿರಿ. 2025ರ ಸೆಪ್ಟೆಂಬರ್‌ನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಅನ್ನೋ ಜಪಾನಿ ಅನಿಮೇಷನ್ ಚಿತ್ರ ನಮ್ಮ ಥಿಯೇಟರುಗಳಿಗೆ ಬಂತು. ಹಿಂದಿ ಇತ್ತು, ತಮಿಳು ಇತ್ತು, ತೆಲುಗು ಇತ್ತು. ನಮ್ಮದಿರಲಿಲ್ಲ. ಬೇಕು ಅಂತ ನಾವೇ ಗಲಾಟೆ ಮಾಡಬೇಕು. 'ವೆದರಿಂಗ್ ವಿತ್ ಯೂ' ಅನ್ನೋ ಇನ್ನೊಂದು ಜಪಾನಿ ಚಿತ್ರ 2019ರಲ್ಲಿ ಭಾರತಕ್ಕೆ ಬಂದದ್ದು ಇಲ್ಲಿನ ಅಭಿಮಾನಿಗಳು ಸಹಿ ಸಂಗ್ರಹಿಸಿ ಕೇಳಿದ ಮೇಲೆ. ನೀವು ಮೊದಲ ಸಹಿ ಹಾಕಿ, ಎರಡನೆಯದು ನನ್ನದು.

ಇದಾದ ಮೇಲೆ ಏನು ನೋಡಲಿ?
*ಮತ್ತೆ ಅದೇ ದಾವಣಗೆರೆಯ ವಿದ್ಯಾರ್ಥಿ*

2021 ಮತ್ತು 2022ರಲ್ಲಿ ಬಂದ, ಇದೇ ಸರಣಿಯ ಎರಡು 'ಪ್ರೋಗ್ರೆಸಿವ್' ಚಿತ್ರಗಳು. ಕೋಟೆಯ ಕತೆಯನ್ನು ಮೊದಲಿನಿಂದ ನಿಧಾನವಾಗಿ ಹೇಳುತ್ತವೆ. ಮೊದಲನೆಯದು ಅಸುನಾಳ ಕಣ್ಣಿನಿಂದ. ಪುಸ್ತಕದಲ್ಲಿ ಇಲ್ಲದ ಮಿತೊ ಅನ್ನೋ ಗೆಳತಿಯನ್ನು ಅದರಲ್ಲಿ ಹೊಸದಾಗಿ ತಂದಿದ್ದಾರೆ. ಪುಸ್ತಕ ಓದಿದ ಕೆಲವರು ಇದಕ್ಕೆ ಮೂಗು ಮುರಿದರು. ನನಗಂತೂ ಹಿಡಿಸಿತು, ಯಾಕೆಂದರೆ ಕಿರಿತೊ ಬರುವ ಮುಂಚೆ ಅಸುನಾಗೆ ತನ್ನದೇ ಒಂದು ಕತೆ ಸಿಕ್ಕಿತು.

ಅದಕ್ಕೂ ಮುಂಚೆ 'ಆರ್ಡಿನಲ್ ಸ್ಕೇಲ್' ಕೊನೆಗೆ ಹೆಸರುಗಳು ಓಡುವಾಗ ನಿಲ್ಲಿಸಿಬಿಟ್ಟಿದ್ದರೆ ಮತ್ತೆ ಹಾಕಿ. ಅವು ಮುಗಿದ ಮೇಲೆ ಪ್ರೊಫೆಸರನ ಒಂದು ಚಿಕ್ಕ ದೃಶ್ಯ ಇದೆ. ಒಂಬತ್ತನೇ ಸಂಪುಟದ ಕತೆಗೆ ಬಾಗಿಲು ಅದೇ.