ನಾಲ್ಕು ಅಂಕ ಕೊಟ್ಟ ಹುಡುಗಿಯನ್ನು ಮರಳಿ ಕರೆಯಿರಿ

ಓದುಗರ ಪತ್ರ (ಸಂಕ್ಷಿಪ್ತ): ನಮ್ಮ ಊರಿನಲ್ಲಿ ಏಳು ಮಂದಿ ಪ್ರತಿ ತಿಂಗಳ ಮೊದಲ ಭಾನುವಾರ ಒಂದೆಡೆ ಸೇರಿ, ಹಳೆಯ ರಾಕ್ ಅಥವಾ ಪಾಪ್ ಆಲ್ಬಮ್ ಒಂದನ್ನು ಪೂರ್ತಿ ಕೇಳುತ್ತೇವೆ. ಮುಗಿದ ಮೇಲೆ ಪ್ರತಿಯೊಬ್ಬರೂ ಹತ್ತರಲ್ಲಿ ಅಂಕ ಕೊಟ್ಟು, ಕಾರಣವನ್ನು ಒಂದು ಸಾಲಿನಲ್ಲಿ ನೋಟುಪುಸ್ತಕದಲ್ಲಿ ಬರೆಯುತ್ತೇವೆ. ಕಳೆದ ತಿಂಗಳು ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕೇಳಿದೆವು. ಆರು ಮಂದಿ ಎಂಟರಿಂದ ಹತ್ತರವರೆಗೆ ಕೊಟ್ಟರು. ಕಾಲೇಜಿಗೆ ಹೋಗುವ ಹುಡುಗಿ ಮಾತ್ರ ನಾಲ್ಕು ಕೊಟ್ಟು, ‘ಮಾತಿಲ್ಲದೆ ಹಾಡಿದ ಆ ಹೆಂಗಸು ಹೋದ ಮೇಲೆ ನನಗೆ ಏನೂ ಕೇಳಿಸಲಿಲ್ಲ’ ಎಂದು ಬರೆದಳು. ನಮ್ಮಲ್ಲಿ ಹಿರಿಯರೊಬ್ಬರು, ‘ಲೋಕವೇ ಮೆಚ್ಚಿದ್ದಕ್ಕೆ ನಾಲ್ಕೇ?’ ಎಂದು ಗದರಿದರು. ಈ ತಿಂಗಳು ಅವಳು ಬರಲಿಲ್ಲ. ಅಂಕ ಕೊಡುವುದನ್ನೇ ನಿಲ್ಲಿಸಬೇಕೆ? ಇನ್ನೊಂದು: ಕನ್ನಡವೇ ಬಡವಾಗುತ್ತಿರುವ ಕಾಸರಗೋಡಿನಲ್ಲಿ ನಿಮಗೆ ಇಂಗ್ಲಿಷ್ ಹಾಡು ಏಕೆಂದು ನೆರೆಯವರು ಕೇಳುತ್ತಾರೆ. ಅವರಿಗೆ ಏನೆಂದು ಹೇಳಲಿ?
— ನಿವೃತ್ತ ಅಧ್ಯಾಪಕರೊಬ್ಬರು, ಬದಿಯಡ್ಕ

ಸಂಪಾದಕರ ಉತ್ತರ:

ಮಾನ್ಯ ಮಾಸ್ತರರೇ,

ಮೊದಲು ಆಗಬೇಕಾದ ಕೆಲಸವನ್ನು ಹೇಳಿಬಿಡುತ್ತೇನೆ. ಆ ಹುಡುಗಿಯ ಮನೆಗೆ ಹೋಗಿ ಅವಳನ್ನು ಕರೆಯಿರಿ. ಫೋನ್ ಮಾಡಿದರೆ ಸಾಲದು. ಗದರಿದ ಹಿರಿಯರೂ ನಿಮ್ಮ ಜೊತೆಗೆ ಹೋಗಲಿ. ಏಕೆಂದರೆ ನಿಮ್ಮ ನೋಟುಪುಸ್ತಕದ ಆ ಪುಟದಲ್ಲಿ ಆಲ್ಬಮನ್ನು ಕಿವಿಗೊಟ್ಟು ಕೇಳಿದ್ದಕ್ಕೆ ಸಾಕ್ಷಿಯಾಗಿ ನಿಲ್ಲುವ ಸಾಲು ಅವಳದು. ಉಳಿದ ಆರು ಮಂದಿ ಬರೆದದ್ದನ್ನೂ ನೀವು ಪತ್ರದಲ್ಲಿ ಕಳುಹಿಸಿದ್ದೀರಿ. ‘ಅದ್ಭುತ’, ‘ಕಾಲಾತೀತ’, ‘ಮತ್ತೆ ಮತ್ತೆ ಕೇಳಬೇಕು’ ಎಂಬ ಮಾತುಗಳು ಯಾವ ಆಲ್ಬಮಿಗೂ ಹೊಂದುತ್ತವೆ. ಅವಳ ಸಾಲು ಇದೊಂದಕ್ಕೆ ಮಾತ್ರ ಹೊಂದುತ್ತದೆ.

ಅವಳು ಹೇಳುವ ಆ ಹೆಂಗಸು ಕ್ಲೇರ್ ಟೋರಿ. ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ ಎಂಬ ಆ ಭಾಗದಲ್ಲಿ ಆಕೆಗೆ ಹಾಡಲು ಒಂದು ಪದವನ್ನೂ ಕೊಟ್ಟಿರಲಿಲ್ಲ. ತಂಡದ ರಿಚರ್ಡ್ ರೈಟ್ ಅವರ ಪಿಯಾನೋ ಹಿಂದೆ ನಡೆಯುತ್ತಿರುತ್ತದೆ, ಈಕೆ ಬರಿಯ ಕಂಠದಿಂದ ಮೇಲಕ್ಕೇರಿ, ಕೂಗಿ, ಕೊನೆಗೆ ಪಿಸುಮಾತಿನಷ್ಟು ಮೆಲ್ಲಗೆ ಇಳಿಯುತ್ತಾರೆ. ಆ ದಿನದ ಕೆಲಸಕ್ಕೆ ಆಕೆಗೆ ಸಿಕ್ಕಿದ್ದು 30 ಪೌಂಡ್. ರಚನೆಯಲ್ಲಿ ತನಗೂ ಪಾಲಿದೆ ಎಂದು ಆಕೆ 2004ರಲ್ಲಿ ನ್ಯಾಯಾಲಯಕ್ಕೆ ಹೋದರು. 2005ರ ರಾಜಿಯ ನಂತರವೇ ಸಂಯೋಜಕರ ಸಾಲಿಗೆ ಆಕೆಯ ಹೆಸರೂ ಸೇರಿತು. ಇದನ್ನೆಲ್ಲ ತಿಳಿಯದೆಯೇ ನಿಮ್ಮ ಹುಡುಗಿಯ ಕಿವಿ ಸರಿಯಾದ ಜಾಗಕ್ಕೆ ಹೋಗಿ ನಿಂತಿದೆ.

ಇನ್ನೂ ಒಂದು ವಿಷಯ ಇದೆ. 1973ರ ಮಾರ್ಚ್‌ನಲ್ಲಿ ಈ ಆಲ್ಬಮ್ ಬಂದದ್ದು ಎಲ್‌ಪಿ ತಟ್ಟೆಯಾಗಿ, ಒಂದು ಬದಿಗೆ ಐದು ಭಾಗ, ಇನ್ನೊಂದು ಬದಿಗೆ ಐದು. ಟೋರಿಯವರ ದನಿ ಅಡಗುವುದು ಮೊದಲ ಬದಿಯ ಕಟ್ಟಕಡೆಯಲ್ಲಿ. ಅಲ್ಲಿಗೆ ಮುಳ್ಳು ಒಳಸುತ್ತಿಗೆ ಬಂದು ನಿಲ್ಲುತ್ತದೆ. ಯಾರಾದರೂ ಎದ್ದು ಹೋಗಿ ತಟ್ಟೆಯನ್ನು ಮಗುಚಬೇಕು. ಆ ಅರ್ಧ ನಿಮಿಷದ ಮೌನವೂ ಆಲ್ಬಮಿನ ಕಟ್ಟಡದಲ್ಲಿ ಸೇರಿದೆ. ನೀವು ಮೊಬೈಲಿನಿಂದ ಸ್ಪೀಕರಿಗೆ ಹಾಕಿ ಕೇಳಿದ್ದೀರಿ. ಆಕೆಯ ದನಿ ಕರಗಿದ ಬೆನ್ನಿಗೇ ‘ಮನಿ’ ಹಾಡಿನ ನಾಣ್ಯಗಳ ಸದ್ದು, ಗಲ್ಲಾಪೆಟ್ಟಿಗೆಯ ಗಂಟೆ ಬಂದು ಬಡಿದಿರುತ್ತದೆ. ಅಷ್ಟು ಹೊತ್ತು ಆ ದನಿಯೊಳಗೇ ಇದ್ದವಳಿಗೆ ಆಮೇಲೆ ಏನೂ ಕೇಳಿಸದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ನನಗೂ ಈ ಮೌನ ಬಹಳ ವರ್ಷ ಗೊತ್ತಿರಲಿಲ್ಲ. ದುಬೈಯಿಂದ ರಜೆಗೆ ಬಂದ ನೆರೆಮನೆಯ ಅಣ್ಣ ಟು ಇನ್ ಒನ್ ತಂದಿದ್ದರು, ಅದರ ಜೊತೆಗೆ ಒಂದು ಚೀಲ ತುಂಬ ಕ್ಯಾಸೆಟ್ಟುಗಳು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ನಲವತ್ತೈದು ನಿಮಿಷ, ಈ ಆಲ್ಬಮ್ ಸುಮಾರು ನಲವತ್ಮೂರು. ಹಾಗಾಗಿ ಇಡೀ ಆಲ್ಬಮ್ ಒಂದೇ ಬದಿಯಲ್ಲಿ ತುಂಬಿಕೊಂಡಿತ್ತು. ಅಡಕೆ ಒಣಗಲು ಹಾಕಿದ ಅಂಗಳದ ಬದಿಯ ಜಗಲಿಯಲ್ಲಿ ಕುಳಿತು ಅದನ್ನು ಎಷ್ಟು ಸಲ ಕೇಳಿದ್ದೇನೋ. ಮುಂದೆ ಮಂಗಳೂರಿನಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಎಲ್‌ಪಿ ಕೇಳಿದ ದಿನ, ಅವರು ತಟ್ಟೆ ಮಗುಚಲು ಎದ್ದಾಗ ಕೋಣೆಯಲ್ಲಿದ್ದ ನಾವು ಮೂವರೂ ಮಾತಾಡಲಿಲ್ಲ. ಮಳೆ ಹನಿಯುವುದು ಕೇಳುತ್ತಿತ್ತು. ನಾಣ್ಯಗಳ ಸದ್ದು ಆಮೇಲೆ ಬಂತು. ಅದು ನನಗೆ ಬೇರೆಯೇ ಆಲ್ಬಮಿನಂತೆ ಕೇಳಿಸಿತು. ಮುಂದಿನ ಸಲ ನೀವೂ ಅಲ್ಲಿ ನಿಲ್ಲಿಸಿ, ಎದ್ದು ನೀರು ಕುಡಿದು ಬನ್ನಿ. ಅವಳ ನಾಲ್ಕು ಆರಾಗಬಹುದು, ನಾಲ್ಕೇ ಉಳಿಯಲೂಬಹುದು. ಎರಡೂ ಸರಿ.

ಇನ್ನು ‘ಲೋಕವೇ ಮೆಚ್ಚಿದ್ದು’ ಎಂಬ ಮಾತು. ಹಿರಿಯರು ಹೇಳಿದ್ದರಲ್ಲಿ ಸುಳ್ಳಿಲ್ಲ. 1973ರಿಂದ 1988ರ ನಡುವೆ ಈ ಆಲ್ಬಮ್ ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ 741 ವಾರ ಇತ್ತು. ಆದರೆ ಲೋಕದ ಮೆಚ್ಚುಗೆಯೂ ಜಾಗ ಬದಲಿಸುತ್ತದೆ. ‘ರೋಲಿಂಗ್ ಸ್ಟೋನ್’ ಪತ್ರಿಕೆ 2003ರಲ್ಲಿ ಐನೂರು ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಮೊದಲನೆಯದಾಗಿತ್ತು. 2020ರ ಪಟ್ಟಿಯಲ್ಲಿ ಅದು 24ನೆಯದು, ಮೊದಲ ಸ್ಥಾನಕ್ಕೆ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಬಂತು. ಅಷ್ಟರಲ್ಲಿ ಬೀಟಲ್ಸ್ ತಂಡದ ಆ ಆಲ್ಬಮಿನ ಒಂದು ಸ್ವರವೂ ಬದಲಾಗಿರಲಿಲ್ಲ, ಅಂಕ ಕೊಟ್ಟವರು ಬದಲಾಗಿದ್ದರು. ಅದೇ ಆಲ್ಬಮ್ 1967ರಲ್ಲಿ ಬಂದಾಗ ಎಲ್ಲರೂ ಕೊಂಡಾಡುತ್ತಿದ್ದರು, ರಿಚರ್ಡ್ ಗೋಲ್ಡ್‌ಸ್ಟೀನ್ ಎಂಬ ತರುಣ ವಿಮರ್ಶಕರು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಒಲ್ಲೆನೆಂದು ಬರೆದರು. ಪತ್ರಿಕೆಗೆ ಸಿಟ್ಟಿನ ಪತ್ರಗಳ ರಾಶಿಯೇ ಬಂತು. ನಾನು ಅವರ ಅಭಿಪ್ರಾಯವನ್ನು ಒಪ್ಪುವುದಿಲ್ಲ. ಆದರೂ ಆ ವಾರ ಅದನ್ನು ಬರೆಯಲು ಬೇಕಾಗಿದ್ದ ಎದೆಗಾರಿಕೆಯನ್ನು ಮೆಚ್ಚುತ್ತೇನೆ. ನಿಮ್ಮ ಹುಡುಗಿಯಲ್ಲಿ ಅದು ಇದೆ.

ಅಂಕ ನಿಲ್ಲಿಸಬೇಡಿ. ನಾವು ಅಂಕ ಕೊಡದೆ ಏನನ್ನೂ ಕೇಳಿದವರಲ್ಲ. ತಾಳಮದ್ದಳೆ ಮುಗಿದು ಬೆಳಗಿನ ಜಾವ ಟಾರ್ಚ್ ಹಿಡಿದು ತೋಟದ ದಾರಿಯಲ್ಲಿ ನಡೆಯುವಾಗ, ಇವತ್ತಿನ ಕರ್ಣ ಏರಲಿಲ್ಲ, ಶಲ್ಯನೇ ಗೆದ್ದ ಎಂದು ಹೇಳದವರು ನಮ್ಮಲ್ಲಿ ಯಾರಿದ್ದಾರೆ? ಎಷ್ಟೇ ದೊಡ್ಡ ಅರ್ಥಧಾರಿಯಾದರೂ ಆ ರಾತ್ರಿಯ ಮಾತಿಗೆ ಆ ರಾತ್ರಿಯ ಬೆಲೆ ಅಷ್ಟೇ. ಆಲ್ಬಮಿಗೂ ಈ ನ್ಯಾಯ ಸಲ್ಲಬೇಕು.

ಬದಲಿಸಬೇಕಾದದ್ದು ಕ್ರಮವನ್ನು. ಈಗ ನೀವು ಒಬ್ಬೊಬ್ಬರಾಗಿ ಎಲ್ಲರ ಮುಂದೆ ಅಂಕ ಹೇಳುತ್ತೀರಿ, ಹಿರಿಯರಿಂದ ಆರಂಭ. ಮೊದಲನೆಯವರು ಒಂಬತ್ತು ಎಂದ ಮೇಲೆ ಕೊನೆಯವರ ನಾಲಿಗೆಗೆ ಐದು ಬರುವುದು ಕಷ್ಟ. ಹಾಡು ನಿಂತ ಕೂಡಲೇ, ಯಾರೂ ತುಟಿ ಬಿಚ್ಚುವ ಮೊದಲು, ಪ್ರತಿಯೊಬ್ಬರೂ ಚೀಟಿಯಲ್ಲಿ ಅಂಕವನ್ನೂ ಒಂದು ಸಾಲನ್ನೂ ಬರೆದು ಮಡಚಿಡಲಿ. ಆ ಸಾಲು ಆಲ್ಬಮಿನ ಯಾವುದಾದರೂ ಒಂದು ಜಾಗವನ್ನು ಬೆರಳಿಟ್ಟು ತೋರಿಸಬೇಕು. ಸರಾಸರಿ ತೆಗೆಯುವುದನ್ನು ದಯವಿಟ್ಟು ಬಿಡಿ. 10, 9, 9, 9, 8, 8, 4 ಸೇರಿಸಿ ಏಳರಿಂದ ಭಾಗಿಸಿ 8.1 ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೀರಿ. ಆ ಅಂಕವನ್ನು ನಿಮ್ಮಲ್ಲಿ ಯಾರೂ ಕೊಟ್ಟಿಲ್ಲ.

ಮುಂದಿನ ತಿಂಗಳುಗಳಿಗೆ ಎರಡು ಹೆಸರು ಹೇಳುತ್ತೇನೆ. ಬೀಟಲ್ಸ್ ತಂಡದ ‘ರಿವಾಲ್ವರ್’, 1966. ಅದರಲ್ಲಿ ‘ಲವ್ ಯೂ ಟು’ ಹಾಡಿಗೆ ತಬಲಾ ನುಡಿಸಿದವರು ಅನಿಲ್ ಭಾಗವತ್. ಅವರ ಹೆಸರು ಆಲ್ಬಮಿನ ಹೊದಿಕೆಯ ಮೇಲೂ ಇದೆ. ಇನ್ನೊಂದು ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’, ಅದೇ ವರ್ಷದ್ದು. ಅದನ್ನು ಕಟ್ಟಿದ ಬ್ರಯನ್ ವಿಲ್ಸನ್ ಅವರಿಗೆ ಬಲಗಿವಿ ಹೆಚ್ಚು ಕಡಿಮೆ ಕೇಳಿಸುತ್ತಿರಲಿಲ್ಲ, ಆಲ್ಬಮನ್ನು ಮೋನೋದಲ್ಲೇ, ಅಂದರೆ ಎಡ ಬಲ ಬೇರಿಲ್ಲದ ಒಂದೇ ದನಿಯಾಗಿ, ಹೊಂದಿಸಿದರು. ನಿಮ್ಮಲ್ಲಿರುವ ಒಂಟಿ ಸ್ಪೀಕರಿನಲ್ಲಿ ಅದಕ್ಕೆ ಏನೂ ಕಡಿಮೆಯಾಗದು.

ನೆರೆಯವರ ಪ್ರಶ್ನೆಗೆ ಬರುತ್ತೇನೆ. ಅವರ ಆತಂಕವನ್ನು ತಳ್ಳಿಹಾಕಬೇಡಿ. 1956ರ ನವೆಂಬರ್ 1ರಂದು ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಕನ್ನಡವನ್ನು ಮನವಿಪತ್ರಗಳಲ್ಲಿ, ಮೆರವಣಿಗೆಗಳಲ್ಲಿ, ಶಾಲೆ ಉಳಿಸುವ ಸಭೆಗಳಲ್ಲಿ ಬಳಸುತ್ತ ಬಂದಿದ್ದೇವೆ. ಅದು ಬೇಕಾಗಿತ್ತು, ಇಂದಿಗೂ ಬೇಕು. ಆದರೆ ಇದೇ ಮಂಜೇಶ್ವರದ ಗೋವಿಂದ ಪೈ ಅವರು ಜಪಾನಿನ ‘ನೋ’ ಎಂಬ ಹಳೆಯ ಪರಂಪರೆಯ ನಾಟಕಗಳನ್ನೂ ಕನ್ನಡಕ್ಕೆ ತಂದರು. ದೂರದ ಒಂದು ಕಲೆಯ ಬಗ್ಗೆ ಮಾತಾಡಲು ನಮ್ಮ ನುಡಿಗೆ ಶಕ್ತಿ ಇದೆಯೆಂಬ ನಂಬಿಕೆ ಅವರಿಗಿತ್ತು. ನಿಮ್ಮ ಏಳು ಮಂದಿಯಲ್ಲಿ ಮನೆಮಾತು ತುಳು ಇರುವವರಿದ್ದಾರೆ, ಮಲಯಾಳವಿದೆ, ಹವ್ಯಕ ಕನ್ನಡವಿದೆ ಎಂದು ಬರೆದಿದ್ದೀರಿ. ಹಾಡು ಇಂಗ್ಲಿಷಿನದು. ನೋಟುಪುಸ್ತಕ ಮಾತ್ರ ಮೊದಲ ಪುಟದಿಂದಲೂ ಕನ್ನಡದಲ್ಲಿದೆ. ನೆರೆಯವರನ್ನು ಕರೆದು ಆ ಪುಸ್ತಕವನ್ನು ಅವರ ಕೈಗೆ ಕೊಡಿ. ಇಂಗ್ಲೆಂಡಿನ ಗಾಯಕಿಯೊಬ್ಬರ ದನಿಯ ಬಗ್ಗೆ ಇಪ್ಪತ್ತರ ಹುಡುಗಿಯೊಬ್ಬಳು ಬದಿಯಡ್ಕದಲ್ಲಿ ಬರೆದ ಕನ್ನಡದ ಸಾಲನ್ನು ಅವರೂ ಓದಲಿ.

ನಿಮ್ಮ ಪತ್ರ ಬಂದ ವಾರವೇ ನಮ್ಮ ಕಚೇರಿಯಲ್ಲಿ, ಸಂಚಿಕೆ ಅಚ್ಚಿಗೆ ಹೋದ ಸಂಜೆ, ನಾಲ್ವರು ಕುಳಿತು ಇದೇ ಆಲ್ಬಮನ್ನು ಚೀಟಿಯ ಕ್ರಮದಲ್ಲಿ ಕೇಳಿದೆವು. ನಮ್ಮ ಕರಡು ತಿದ್ದುವವರು ಚೆಂಡೆ ಬಾರಿಸುವವರು. ರಾಕ್ ಸಂಗೀತ ಅವರ ಕಿವಿಗೆ ಬಿದ್ದದ್ದು ಅದೇ ಮೊದಲು. ಮೊದಲ ಬದಿಗೆ ಕೈಕಟ್ಟಿ ಕುಳಿತಿದ್ದರು. ‘ಮನಿ’ ಆರಂಭವಾಗಿ ನಾಲ್ಕು ಸುತ್ತು ಬರುವಷ್ಟರಲ್ಲಿ ಅವರ ಬೆರಳುಗಳು ಮೇಜಿನ ಮೇಲೆ ಓಡತೊಡಗಿದವು. ‘ಏಳು’ ಎಂದರು ಮೆಲ್ಲಗೆ, ‘ಇದು ತ್ರಿವುಡೆ ತಾಳದ ಲೆಕ್ಕ.’ ಸ್ಯಾಕ್ಸೋಫೋನ್ ಮುಗಿಯುವವರೆಗೂ ಏಳರ ಎಣಿಕೆ ತಪ್ಪಲಿಲ್ಲ. ಡೇವಿಡ್ ಗಿಲ್ಮೋರ್ ಅವರ ಗಿಟಾರ್ ಹೊರಟಿತು ನೋಡಿ, ಬೆರಳು ಗಕ್ಕನೆ ನಿಂತಿತು. ಆ ಭಾಗ ನಾಲ್ಕರ ನಡೆಗೆ ಹೊರಳುತ್ತದೆ, ಕೊನೆಯ ಚರಣಕ್ಕೆ ಮತ್ತೆ ಏಳು. ನಾನು ಎಷ್ಟೋ ವರ್ಷಗಳಿಂದ ಕೇಳಿದ ಹಾಡು ಅದು. ಎಣಿಸಿ ನೋಡಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಅವರ ಚೀಟಿ ಈಗ ನನ್ನ ಮೇಜಿನ ಮೇಲಿದೆ. ‘ಆರು. ಏಳರಿಂದ ನಾಲ್ಕಕ್ಕೆ ಬಂದಾಗ ಕಟ್ಟಪುಣಿಯ (ಗದ್ದೆಯ ಬದುವಿನ) ಮೇಲೆ ನಡೆಯುತ್ತಿದ್ದವನು ಕೊಯ್ಲಾದ ಗದ್ದೆಗೆ ಇಳಿದು ಓಡಿದ ಹಾಗಾಯಿತು.’ ಮುಂದಿನ ಮೊದಲ ಭಾನುವಾರ ಬದಿಯಡ್ಕಕ್ಕೆ ತಾನೂ ಬರಬಹುದೇ ಎಂದು ಅವರು ಕೇಳಿದ್ದಾರೆ. ಹುಡುಗಿ ಬರುತ್ತಾಳೆಂದು ಖಚಿತವಾದ ಕೂಡಲೇ, ಅಂದು ಕೇಳುವ ಆಲ್ಬಮಿನ ಹೆಸರಿನೊಂದಿಗೆ ನಮಗೊಂದು ಕಾರ್ಡು ಹಾಕಿ.