ಗಾಳಿ, ನೀರು, ಬಿಸಿಲು: ಎಲ್ಲದರಿಂದಲೂ ಒಂದೇ ಕರೆಂಟ್ ಹೇಗೆ?

ಗಾಳಿಗೂ ನೀರಿಗೂ ಬಿಸಿಲಿಗೂ ಸಂಬಂಧವೇ ಇಲ್ಲ, ಆದರೂ ಮೂರರಿಂದಲೂ ಒಂದೇ ಕರೆಂಟ್ ಹೇಗೆ ಬರುತ್ತೆ ಅಂತ ಕೇಳಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ.

ಬಿಸಿಲನ್ನು ಸದ್ಯಕ್ಕೆ ಬದಿಗಿಡಿ. ಉಳಿದವುಗಳಲ್ಲೆಲ್ಲ ನಡೆಯುವುದು ಒಂದೇ ಕೆಲಸ, ಚಕ್ರ ತಿರುಗಿಸುವುದು. ತಂತಿಯ ಸುರುಳಿಯ ಹತ್ತಿರ ಆಯಸ್ಕಾಂತವನ್ನು ಆಡಿಸಿದರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ ಅಂತ ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಜನರೇಟರ್ ನಿಂತಿರುವುದು ಇದರ ಮೇಲೆಯೇ, ಚಕ್ರ ತಿರುಗಿದರೆ ಸುರುಳಿ-ಆಯಸ್ಕಾಂತಗಳಲ್ಲಿ ಒಂದು ತಿರುಗುತ್ತದೆ. ಕಲ್ಲಿದ್ದಲಿನ ಸ್ಥಾವರದಲ್ಲೂ ಇದೇ ನಡೆಯುತ್ತದೆ, ಅಲ್ಲಿ ಟರ್ಬೈನ್ ಅನ್ನುವ ಆ ಚಕ್ರವನ್ನು ತಿರುಗಿಸುವುದು ಹಬೆ. ಜಲವಿದ್ಯುತ್ತಿನಲ್ಲಿ ಮೇಲಿನಿಂದ ಧುಮುಕುವ ನೀರು. ಎಷ್ಟು ಎತ್ತರದಿಂದ ಬೀಳುತ್ತದೆ, ಸೆಕೆಂಡಿಗೆ ಎಷ್ಟು ಬೀಳುತ್ತದೆ, ಇವೆರಡೇ ಲೆಕ್ಕ. ಫ್ರಾನ್ಸಿನ ರಾನ್ಸ್ ನದಿಯ ಅಳಿವೆಯಲ್ಲಿ 1966ರಿಂದ ಸಮುದ್ರದ ಉಬ್ಬರವಿಳಿತವೇ ಆ ಕೆಲಸ ಮಾಡುತ್ತಿದೆ. ಇಟಲಿಯ ಲಾರ್ಡೆರೆಲ್ಲೊದಲ್ಲಿ 1904ರಲ್ಲಿ ನೆಲದಡಿಯ ಹಬೆಯಿಂದ ಐದು ಬಲ್ಬ್ ಉರಿಸಿದರು, ಭೂಶಾಖದ ವಿದ್ಯುತ್ ಶುರುವಾಗಿದ್ದು ಹಾಗೆ.

ಗಾಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎರಡಲ್ಲ, ಎಂಟು ಪಟ್ಟಾಗುತ್ತದೆ. ಗಾಳಿಯಂತ್ರಗಳನ್ನು ಗುಡ್ಡದ ನೆತ್ತಿಯಲ್ಲೋ ಕಡಲಿನಲ್ಲೋ ಅಷ್ಟೆತ್ತರದ ಕಂಬದ ಮೇಲೆ ನಿಲ್ಲಿಸುವುದು ಅದಕ್ಕೇ. ಹಾಗಂತ ಗಾಳಿಯ ಶಕ್ತಿಯನ್ನು ಪೂರ್ತಿ ಹೀರಿಕೊಳ್ಳಲು ಆಗುವುದಿಲ್ಲ. ಪೂರ್ತಿ ಹೀರಿದರೆ ರೆಕ್ಕೆಗಳ ಹಿಂದೆ ಗಾಳಿ ನಿಂತೇಹೋಗುತ್ತದೆ, ಹೊಸ ಗಾಳಿ ಬರಲು ಜಾಗವೇ ಇರುವುದಿಲ್ಲ. ಎಂಥ ಯಂತ್ರವಾದರೂ ಶೇ. 59ರ ಆಸುಪಾಸಿನಲ್ಲಿ ನಿಲ್ಲಲೇಬೇಕು, ಇದನ್ನು ಬೆಟ್ಜ್ ಮಿತಿ ಅನ್ನುತ್ತಾರೆ. ಯಾರಾದರೂ ಅದಕ್ಕಿಂತ ಹೆಚ್ಚು ತೆಗೆಯುವ ಗಾಳಿಯಂತ್ರ ಮಾರಲು ಬಂದರೆ ದಯವಿಟ್ಟು ನಂಬಬೇಡಿ.

ಈಗ ಬಿಸಿಲಿಗೆ ಬರೋಣ. ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ, ಆ ಕಾವಿನಲ್ಲಿ ನೀರು ಕುದಿಸಿ ಟರ್ಬೈನ್ ತಿರುಗಿಸುವ ಸ್ಥಾವರಗಳೂ ಇವೆ. ಆದರೆ ಚಾವಣಿಯ ಮೇಲಿನ ಸೋಲಾರ್ ಪ್ಯಾನೆಲ್‌ನಲ್ಲಿ ಏನೂ ತಿರುಗುವುದಿಲ್ಲ. ನನಗೆ ಎಲ್ಲಕ್ಕಿಂತ ಅಚ್ಚರಿ ಅನ್ನಿಸುವುದು ಇದೇ. ಸಿಲಿಕಾನ್ ಬಿಲ್ಲೆಯ ಒಂದು ಬದಿಗೆ ಚೂರು ರಂಜಕ, ಇನ್ನೊಂದು ಬದಿಗೆ ಚೂರು ಬೋರಾನ್ ಸೇರಿಸಿರುತ್ತಾರೆ. ಎರಡೂ ಕೂಡುವಲ್ಲಿ ಒಂದು ವಿದ್ಯುತ್ ಕ್ಷೇತ್ರ ತಾನಾಗಿ ಏರ್ಪಡುತ್ತದೆ. ಬೆಳಕು ಬಿದ್ದು ಸಿಲಿಕಾನಿನಿಂದ ಎಲೆಕ್ಟ್ರಾನ್ ಬಿಡಿಸಿಕೊಂಡರೆ ಆ ಕ್ಷೇತ್ರ ಅದನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಪ್ಯಾನೆಲ್ ಮೇಲೆ ಕಾಣುವ ತೆಳ್ಳನೆಯ ಬೆಳ್ಳಿಗೆರೆಗಳು ಆ ಎಲೆಕ್ಟ್ರಾನ್‌ಗಳನ್ನು ಬಾಚಿಕೊಳ್ಳುವ ದಾರಿಗಳು. ಒಂದು ಸೆಲ್ ಕೊಡುವುದು ಸುಮಾರು ಅರ್ಧ ವೋಲ್ಟ್ ಅಷ್ಟೇ, ಆದ್ದರಿಂದ ಹಲವು ಸೆಲ್‌ಗಳನ್ನು ಸಾಲಾಗಿ ಜೋಡಿಸುತ್ತಾರೆ. ಸಾಲಿನಲ್ಲಿರುವ ಕಾರಣಕ್ಕೇ ಒಂದೇ ಒಂದು ಸೆಲ್ ಮೇಲೆ ನೆರಳು ಬಿದ್ದರೂ ಅದರ ಜೊತೆಗಿರುವ ಸೆಲ್‌ಗಳ ಕರೆಂಟೂ ಕುಗ್ಗುತ್ತದೆ.

ಒಂದು ತಿದ್ದುಪಡಿ: ಪ್ಯಾನೆಲ್‌ನಿಂದ ಬರುವುದು 'ಒಂದೇ ಕರೆಂಟ್' ಅಲ್ಲ. ಅದು ಡಿಸಿ, ಒಂದೇ ದಿಕ್ಕಿಗೆ ಹರಿಯುತ್ತದೆ. ಗ್ರಿಡ್‌ನಲ್ಲಿ, ಅಂದರೆ ಮನೆಮನೆಗೆ ಕರೆಂಟ್ ತರುವ ತಂತಿಜಾಲದಲ್ಲಿ, ಇರುವುದು ಎಸಿ, ಅದು ಹಿಂದೆ ಮುಂದೆ ದಿಕ್ಕು ಬದಲಿಸುತ್ತ ಸೆಕೆಂಡಿಗೆ 50 ಅಥವಾ 60 ಆವರ್ತನೆ ಮಾಡುತ್ತದೆ. ಡಿಸಿಯನ್ನು ಎಸಿ ಮಾಡಿ, ಗ್ರಿಡ್‌ನ ತಾಳಕ್ಕೆ ಹೊಂದಿಸುವುದು ಇನ್ವರ್ಟರ್.